ಅಂತರ್ಯುದ್ಧದಲ್ಲಿ ಆಸ್ಪತ್ರೆಯೇ ಏಕೆ ಗುರಿ?

ಸುಡಾನಿನ ಪಶ್ಚಿಮಕ್ಕಿರುವ ದಾರ್ಫುರ್ ಪ್ರದೇಶದ ಎಲ್ ಫಾಶರ್ ನಗರದಲ್ಲಿ ಆಸ್ಪತ್ರೆಗಳು ಒಂದೇ ದಿನ ಇಲ್ಲವಾಗಲಿಲ್ಲ. ಒಂದೊಂದಾಗಿ ಮುಚ್ಚಿದವು. 2024ರ ಮೇ 11ರಂದು ಸುಡಾನ್ ಸೇನೆಯ ವಿಮಾನ ಹಾಕಿದ ಬಾಂಬು ಬಾಬಿಕರ್ ನಹರ್ ಮಕ್ಕಳ ಆಸ್ಪತ್ರೆಯಿಂದ 50 ಮೀಟರ್ ದೂರದಲ್ಲಿ ಬಿತ್ತು. ತೀವ್ರ ನಿಗಾ ಘಟಕದ ಚಾವಣಿ ಕುಸಿದು ಇಬ್ಬರು ಮಕ್ಕಳು ಸತ್ತರು, ಆಸ್ಪತ್ರೆ ಬಾಗಿಲು ಹಾಕಿತು. ತಿಂಗಳೊಳಗೆ, ಜೂನ್ 8ರಂದು, ಸೇನೆಯ ಎದುರಾಳಿಯಾದ ಅರೆಸೇನಾ ಪಡೆ ಆರ್‌ಎಸ್‌ಎಫ್‌ನ ಯೋಧರು ದಕ್ಷಿಣ ಆಸ್ಪತ್ರೆಗೆ ನುಗ್ಗಿ ಗುಂಡು ಹಾರಿಸಿ, ಆಂಬುಲೆನ್ಸನ್ನೂ ಬಿಡದೆ ದೋಚಿಕೊಂಡು ಹೋದರು. ಅದೂ ಮುಚ್ಚಿತು. ಹೆರಿಗೆಗೆಂದು ಕಟ್ಟಿದ್ದ ಸೌದಿ ಆಸ್ಪತ್ರೆಯ ಮೇಲೆ ಇಡೀ ನಗರದ ಗಾಯಾಳುಗಳ ಭಾರ ಬಿತ್ತು. 2025ರ ಜನವರಿ 24ರಂದು ಅಲ್ಲಿಗೂ ಡ್ರೋನ್ ಬಂತು. ಸತ್ತವರು ಸುಮಾರು 70 ಮಂದಿ. ಹಾಗಿದ್ದೂ ಅದು ನಡೆಯುತ್ತಲೇ ಇತ್ತು, ಏಕೆಂದರೆ ನಗರದಲ್ಲಿ ಶಸ್ತ್ರಚಿಕಿತ್ಸೆಗೆ ಬೇರೆ ಜಾಗವೇ ಉಳಿದಿರಲಿಲ್ಲ.

ಐನೂರಕ್ಕೂ ಹೆಚ್ಚು ದಿನಗಳ ಮುತ್ತಿಗೆಯ ನಂತರ, 2025ರ ಅಕ್ಟೋಬರ್ 26ರಂದು ಎಲ್ ಫಾಶರ್ ಆರ್‌ಎಸ್‌ಎಫ್ ವಶವಾಯಿತು. ಎರಡು ದಿನಗಳ ಬಳಿಕ ನಾಲ್ವರು ವೈದ್ಯರು, ಒಬ್ಬ ದಾದಿ, ಒಬ್ಬ ಔಷಧಿಕಾರರನ್ನು ಅಪಹರಿಸಲಾಯಿತು. ಅದೇ ದಿನ ಸೌದಿ ಆಸ್ಪತ್ರೆಯಲ್ಲಿ ರೋಗಿಗಳೂ ಅವರ ಜೊತೆಗಿದ್ದವರೂ ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಲ್ಲಲಾಯಿತು ಎಂಬ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆರ್‌ಎಸ್‌ಎಫ್ ಇದನ್ನು ಅಲ್ಲಗಳೆಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ಆಸ್ಪತ್ರೆಯ ಆವರಣದಲ್ಲಿ ಶವಗಳನ್ನು ಹೋಲುವ ಆಕೃತಿಗಳನ್ನು ಗುರುತಿಸಿದರು.

ಕೊನೆಯ ಹತ್ಯಾಕಾಂಡ ಸುದ್ದಿಯಾಯಿತು. ಅದಕ್ಕೂ ಹಿಂದಿನ ಒಂದೂವರೆ ವರ್ಷವನ್ನು ಹೊರಜಗತ್ತು ಬಿಡಿಬಿಡಿ ಘಟನೆಗಳಾಗಿ ಓದಿ ಮರೆಯಿತು. ಆದರೆ ಆ ಒಂದೂವರೆ ವರ್ಷವನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ವಿಷಯ ತಿಳಿಯುವುದು. ಒಂದು ಆಸ್ಪತ್ರೆ ಮುಚ್ಚಿದಾಗ ಅಲ್ಲಿನ ರೋಗಿಗಳು ಮಾಯವಾಗುವುದಿಲ್ಲ, ಮುಂದಿನದಕ್ಕೆ ಹೋಗುತ್ತಾರೆ. ಕೊನೆಗೆ ಉಳಿದ ಒಂದರಲ್ಲಿ ಓಡಲಾಗದವರೆಲ್ಲ ಸೇರಿರುತ್ತಾರೆ. ಎರಡೂ ಪಕ್ಷಗಳ ಹಿಂದಿನ ದಾಳಿಗಳೇ ಆ ಮಂಚಗಳನ್ನು ತುಂಬಿಸಿದ್ದವು.

ದೇಶದೇಶಗಳ ನಡುವಿನ ಯುದ್ಧದಲ್ಲೂ ಆಸ್ಪತ್ರೆಗಳಿಗೆ ಬಾಂಬು ಬೀಳುತ್ತದೆ. ಅಂತರ್ಯುದ್ಧದಲ್ಲಿ ಮಾತ್ರ ಇನ್ನೊಂದು ವಿಷ ಸೇರಿಕೊಳ್ಳುತ್ತದೆ. ಎರಡು ದೇಶಗಳು ಹೊಡೆದಾಡುವಾಗ ಎದುರಿನವನು ಶತ್ರುವಾದರೂ ಸೈನಿಕ. ಅವನಿಗೆ ಸಮವಸ್ತ್ರವಿದೆ, ಗಾಯಗೊಂಡು ಸಿಕ್ಕರೆ ಅವನು ಯುದ್ಧಕೈದಿ. ಒಂದೇ ದೇಶದೊಳಗಿನ ಕಾಳಗದಲ್ಲಿ ಸರ್ಕಾರ ಎದುರಿನವನನ್ನು ಸೈನಿಕನೆಂದು ಒಪ್ಪುವುದೇ ಇಲ್ಲ. ಅವನು ದಂಗೆಕೋರ, ಭಯೋತ್ಪಾದಕ, ದೇಶದ್ರೋಹಿ. ಹಾಗಾದರೆ ಅವನ ಗಾಯಕ್ಕೆ ಹೊಲಿಗೆ ಹಾಕಿದವರು ಯಾರು? ಈ ಪ್ರಶ್ನೆಗೆ ಹಲವು ಸರ್ಕಾರಗಳು ಕೊಟ್ಟ ಉತ್ತರ ಒಂದೇ: ಸಹಚರರು. ಆಸ್ಪತ್ರೆಯ ಮೇಲಿನ ದಾಳಿ ಶುರುವಾಗುವುದು ಬಾಂಬಿನಿಂದಲ್ಲ, ಈ ಉತ್ತರದಿಂದ.

ಸಿರಿಯಾದಲ್ಲಿ ಇದು ನಡೆದ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. 2011ರ ಮಾರ್ಚ್‌ನಲ್ಲಿ ಪ್ರತಿಭಟನೆಗಳು ಆರಂಭವಾದಾಗ ಗುಂಡೇಟು ತಿಂದವರು ಸರ್ಕಾರಿ ಆಸ್ಪತ್ರೆಗೆ ಹೋಗಲು ಹೆದರಿದರು. ಅಲ್ಲಿ ಬಂಧನವಾಗುತ್ತಿತ್ತು, ಕೆಲವೆಡೆ ಚಿತ್ರಹಿಂಸೆಯೂ ನಡೆಯುತ್ತಿತ್ತು. ಇದು ಬರೀ ಆರೋಪವಾಗಿ ಉಳಿದಿಲ್ಲ. ಸಿರಿಯಾದ ಸೇನಾ ಆಸ್ಪತ್ರೆಗಳಲ್ಲಿ ಬಂಧಿತರಿಗೆ ಚಿತ್ರಹಿಂಸೆ ಕೊಟ್ಟ ವೈದ್ಯನೊಬ್ಬನಿಗೆ 2025ರ ಜೂನ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಹೀಗಾಗಿ ಗಾಯಾಳುಗಳು ಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ ಗುಟ್ಟಾಗಿ ಚಿಕಿತ್ಸೆ ಪಡೆಯತೊಡಗಿದರು. 2012ರ ಜುಲೈನಲ್ಲಿ ಭಯೋತ್ಪಾದನೆ ನಿಗ್ರಹದ ಹೊಸ ಕಾನೂನು ಬಂತು. ವಿರೋಧಿಗಳಿಗೆ ಚಿಕಿತ್ಸೆ ನೀಡುವುದನ್ನೇ ಆ ಕಾನೂನು ಅಪರಾಧವಾಗಿಸಿದೆ ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ ಹೇಳಿತು. ಮೊದಲು ವೈದ್ಯರ ಬಂಧನ, ಆಮೇಲೆ ಕಾನೂನು, ಆಮೇಲೆ ವಿಮಾನ.

ಆಮೇಲಿನ ಲೆಕ್ಕವನ್ನು ಅಮೆರಿಕದ 'ಫಿಸಿಷಿಯನ್ಸ್ ಫಾರ್ ಹ್ಯೂಮನ್ ರೈಟ್ಸ್' ಎಂಬ ವೈದ್ಯರ ಸಂಘಟನೆ ವರ್ಷಗಳ ಕಾಲ ಇಟ್ಟಿತು. ಆಸ್ಪತ್ರೆ, ಚಿಕಿತ್ಸಾಲಯಗಳ ಮೇಲೆ ಸುಮಾರು 600 ದಾಳಿಗಳು, 900ಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯ ಸಾವು. ಆ ದಾಳಿಗಳಲ್ಲಿ ಶೇ 90ರಷ್ಟು ಸಿರಿಯಾ ಸರ್ಕಾರ ಹಾಗೂ ಅದರ ಮಿತ್ರಪಡೆಗಳಿಂದ ಆದವು ಎಂಬುದು ಅದರ ನಿರ್ಣಯ. ಅಲೆಪ್ಪೊದ ಪೂರ್ವಭಾಗದಲ್ಲಿ ಆಸ್ಪತ್ರೆಗಳು ಹೆಸರು ಬಿಟ್ಟು 'ಎಂ10'ನಂಥ ಸಂಕೇತಗಳನ್ನು ಇಟ್ಟುಕೊಂಡವು. ಡಮಾಸ್ಕಸ್ ಹೊರವಲಯದ ಪೂರ್ವ ಘೌಟಾದಲ್ಲಿ ವಾರ್ಡುಗಳು ಸುರಂಗಕ್ಕಿಳಿದವು. ಹಮಾ ಪ್ರಾಂತ್ಯದ ಕಫ್ರ್ ಝಿಟಾದಲ್ಲಿ ಗುಡ್ಡ ಕೊರೆದು ಗವಿ ಆಸ್ಪತ್ರೆ ಕಟ್ಟಿದರು. ಆಸ್ಪತ್ರೆ ಎಂದರೆ ದೂರದಿಂದಲೇ ಕಾಣಬೇಕು, ರಾತ್ರಿಯಲ್ಲೂ ದೀಪ ಉರಿಯಬೇಕು. ಅದು ಅಡಗಿ ಬದುಕಬೇಕಾದ ಸ್ಥಿತಿಗೆ ಬಂದರೆ, ಅದನ್ನು ಹುಡುಕಿಕೊಂಡು ಬರುವ ಗಾಯಾಳುವಿಗೂ ಅದು ಸಿಗದು.

ಇಷ್ಟು ಬಾಂಬು, ಇಷ್ಟು ಇಂಧನ ಖರ್ಚು ಮಾಡಿ ಆಸ್ಪತ್ರೆಯನ್ನು ಹೊಡೆಯುವುದರಿಂದ ಸಿಗುವ ಲಾಭವೇನು? ಯುದ್ಧಭೂಮಿಯ ಲೆಕ್ಕದಲ್ಲಿ ಲಾಭ ದೊಡ್ಡದು, ಅದನ್ನು ಮುಚ್ಚಿಡದೆ ಹೇಳಬೇಕು. ಮುತ್ತಿಗೆಯೊಳಗಿನ ಕುಟುಂಬ ಹಸಿವನ್ನು ಬಹಳ ದಿನ ಸಹಿಸುತ್ತದೆ, ಶೆಲ್ ಬೀಳುವುದಕ್ಕೂ ಹೇಗೋ ಒಗ್ಗಿಕೊಳ್ಳುತ್ತದೆ. ಆದರೆ ಮನೆಯಲ್ಲಿ ತುಂಬು ಗರ್ಭಿಣಿ ಇದ್ದು, ಹೆರಿಗೆ ಕಷ್ಟವಾದರೆ ಕರೆದೊಯ್ಯಲು ಎಲ್ಲಿಯೂ ಜಾಗವಿಲ್ಲ ಎಂದಾದ ದಿನ ಗಂಟುಮೂಟೆ ಕಟ್ಟುತ್ತದೆ. ಒಂದು ಪ್ರದೇಶದ ಜನರನ್ನು ಖಾಲಿ ಮಾಡಿಸಬೇಕೆಂದರೆ ಪ್ರತಿ ಮನೆಯನ್ನೂ ಒಡೆಯಬೇಕಾಗಿಲ್ಲ. ಸಿರಿಯಾದ ವಾಯವ್ಯದಲ್ಲಿ ಬಂಡುಕೋರರ ಹಿಡಿತದಲ್ಲಿದ್ದ ಇದ್ಲಿಬ್‌ನಲ್ಲಿ 2019ರ ಡಿಸೆಂಬರ್‌ನಿಂದ 2020ರ ಮಾರ್ಚ್‌ವರೆಗೆ ಸುಮಾರು ಹತ್ತು ಲಕ್ಷ ಜನ ಮನೆ ಬಿಟ್ಟರು. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಅಲ್ಲಿನ ಆಸ್ಪತ್ರೆಗಳ ಮೇಲೆ ಸರಣಿ ದಾಳಿಗಳಾಗಿದ್ದವು. ಅಲೆಪ್ಪೊದ ಪೂರ್ವಭಾಗ 2016ರ ಡಿಸೆಂಬರ್‌ನಲ್ಲಿ ಬಸ್ಸುಗಳಲ್ಲಿ ಖಾಲಿಯಾದಾಗಲೂ ಅದಕ್ಕೂ ಮೊದಲೇ ಆಸ್ಪತ್ರೆಗಳು ಖಾಲಿಯಾಗಿದ್ದವು.

ಬಾಂಬಿಲ್ಲದೆಯೂ ಇದೇ ಕೆಲಸ ನಡೆಯುತ್ತದೆ, ಕಾಗದದ ಮೇಲೆ. 2018ರ ಮಾರ್ಚ್‌ನಲ್ಲಿ ಪೂರ್ವ ಘೌಟಾಕ್ಕೆ ಹೊರಟ ವಿಶ್ವಸಂಸ್ಥೆಯ ನೆರವಿನ ಲಾರಿಗಳಿಂದ ಶಸ್ತ್ರಚಿಕಿತ್ಸಾ ಸಾಮಗ್ರಿಯೂ ಸೇರಿ ವೈದ್ಯಕೀಯ ಸರಕಿನಲ್ಲಿ ಶೇ 70ರಷ್ಟನ್ನು ಸಿರಿಯಾದ ಅಧಿಕಾರಿಗಳು ಇಳಿಸಿಕೊಂಡರು. 2023ರಲ್ಲಿ ಸುಡಾನಿನ ಅಧಿಕಾರಿಗಳು ಆರ್‌ಎಸ್‌ಎಫ್ ಹಿಡಿತದಲ್ಲಿದ್ದ ರಾಜಧಾನಿ ಖಾರ್ಟೂಮಿನ ದಕ್ಷಿಣ ಭಾಗದ ಆಸ್ಪತ್ರೆಗಳಿಗೆ ಶಸ್ತ್ರಚಿಕಿತ್ಸೆಯ ಸಾಮಗ್ರಿ ಒಯ್ಯುವುದನ್ನು ನಿಷೇಧಿಸಿದರು. ಪರಿಣಾಮವಾಗಿ ಬಶೈರ್ ಆಸ್ಪತ್ರೆಯಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ನೆರವು ಸಂಸ್ಥೆಯಾದ ಎಂಎಸ್‌ಎಫ್ ವೈದ್ಯರು ಶಸ್ತ್ರಚಿಕಿತ್ಸೆ ನಿಲ್ಲಿಸಬೇಕಾಯಿತು. ಅರಿವಳಿಕೆ ಔಷಧ ಯೋಧನಿಗಷ್ಟೇ ಬೇಕಾಗುವ ವಸ್ತುವಲ್ಲ. ಸಿಸೇರಿಯನ್ ಹೆರಿಗೆಗೂ ಅದೇ ಬೇಕು. ಆ ಆದೇಶಕ್ಕೆ ಸಹಿ ಹಾಕಿದವರಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ. ಇಂಥ ಆದೇಶವನ್ನೂ ದಾಳಿ ಎಂದೇ ಕರೆಯಬೇಕು.

ಕಾನೂನು ಇಲ್ಲವೇ ಎಂದು ಕೇಳಿದರೆ, ಬೇಕಾದಷ್ಟಿದೆ. 1949ರ ನಾಲ್ಕೂ ಜಿನೀವಾ ಒಪ್ಪಂದಗಳಲ್ಲಿ ಸಮಾನವಾಗಿರುವ ಮೂರನೇ ವಿಧಿ ಅಂತರ್ಯುದ್ಧಕ್ಕೂ ಅನ್ವಯಿಸುತ್ತದೆ. ಗಾಯಾಳುಗಳನ್ನೂ ರೋಗಿಗಳನ್ನೂ ಎತ್ತಿ ತಂದು ಆರೈಕೆ ಮಾಡಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ, ಯಾರ ಕಡೆಯವನೆಂದು ಕೇಳುವುದಿಲ್ಲ. 1977ರ ಎರಡನೇ ಹೆಚ್ಚುವರಿ ಪ್ರೋಟೊಕಾಲ್ ಇನ್ನೂ ಮುಂದೆ ಹೋಗಿ, ವೈದ್ಯಕೀಯ ನೀತಿಗೆ ತಕ್ಕಂತೆ ಚಿಕಿತ್ಸೆ ಕೊಟ್ಟವರನ್ನು ಆ ಕಾರಣಕ್ಕೆ ಶಿಕ್ಷಿಸುವಂತಿಲ್ಲ ಎಂದಿತು. ಚಿಕಿತ್ಸೆ ಪಡೆದವನು ಯಾರೇ ಆಗಿರಲಿ. ಬಂಡುಕೋರರಿಗೆ ಮಾನ್ಯತೆ ಸಿಕ್ಕಿಬಿಡುತ್ತದೆ ಎಂಬ ಆತಂಕದಿಂದ ಹಲವು ದೇಶಗಳು ಆ ಪ್ರೋಟೊಕಾಲಿನ ಕರಡನ್ನು ಬಹಳಷ್ಟು ಮೊಟಕುಗೊಳಿಸಿದವು; ಸಿರಿಯಾ ಅದಕ್ಕೆ ಸೇರಲೇ ಇಲ್ಲ. ಸುಡಾನ್ 2006ರಲ್ಲಿ ಸೇರಿದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನವೂ ಅಂತರ್ಯುದ್ಧದಲ್ಲಿ ಆಸ್ಪತ್ರೆಯ ಮೇಲೆ ಉದ್ದೇಶಪೂರ್ವಕವಾಗಿ ದಾಳಿ ಮಾಡುವುದನ್ನು ಯುದ್ಧಾಪರಾಧವೆಂದು ಪಟ್ಟಿ ಮಾಡಿದೆ.

ಇದರಲ್ಲಿ ಒಂದು ಬಿರುಕಿದೆ. ಆಸ್ಪತ್ರೆಯನ್ನು ಬಳಸಿಕೊಂಡು ಶತ್ರುವಿಗೆ ಹಾನಿ ಮಾಡುವ ಕೃತ್ಯ ನಡೆದರೆ, ಅಂದರೆ ಅಲ್ಲಿಂದ ಗುಂಡು ಹಾರಿಸಿದರೆ, ಶಸ್ತ್ರಾಸ್ತ್ರ ಕೂಡಿಟ್ಟರೆ, ಅದನ್ನು ಕಮಾಂಡ್ ಕೇಂದ್ರವಾಗಿಸಿದರೆ, ಆಸ್ಪತ್ರೆ ತನ್ನ ರಕ್ಷಣೆ ಕಳೆದುಕೊಳ್ಳಬಹುದು. ದಾಳಿಕೋರರೆಲ್ಲ ಹಿಡಿದುಕೊಂಡಿರುವುದು ಇದನ್ನೇ. 2025ರ ಡಿಸೆಂಬರ್ 10ರಂದು ಮ್ಯಾನ್ಮಾರ್‌ನ ರಖೈನ್ ರಾಜ್ಯದ ಮ್ರಾಕ್ ಯೂ ಪಟ್ಟಣದ ಆಸ್ಪತ್ರೆಯ ಮೇಲೆ ಸೇನೆ ಬಾಂಬು ಹಾಕಿ 30ಕ್ಕೂ ಹೆಚ್ಚು ಜನ ಸತ್ತಾಗ, ಸಶಸ್ತ್ರ ಗುಂಪುಗಳು ಅದನ್ನು ನೆಲೆಯಾಗಿ ಬಳಸುತ್ತಿದ್ದವು ಎಂದೇ ಸೇನೆ ಸಮರ್ಥಿಸಿಕೊಂಡಿತು.

ಇಂಥ ಸಮರ್ಥನೆಯನ್ನು ಕೇಳಿದಾಗ ಓದುಗರು ಕಾನೂನಿನ ಉಳಿದರ್ಧವನ್ನೂ ನೆನಪಿಟ್ಟುಕೊಳ್ಳಬೇಕು. ದುರ್ಬಳಕೆ ನಡೆದಿದ್ದರೂ ಮೊದಲು ಎಚ್ಚರಿಕೆ ಕೊಡಬೇಕು. ಆ ದುರ್ಬಳಕೆ ನಿಲ್ಲಿಸಲು, ರೋಗಿಗಳನ್ನು ಸಾಗಿಸಲು ತಕ್ಕಷ್ಟು ಸಮಯ ಕೊಡಬೇಕು. ಎಚ್ಚರಿಕೆ ಧಿಕ್ಕರಿಸಿದ ಮೇಲೂ ಒಳಗಿರುವ ನಾಗರಿಕರಿಗೆ ಆಗುವ ಹಾನಿ ಸೈನಿಕ ಲಾಭಕ್ಕಿಂತ ಮಿತಿಮೀರಿದರೆ ದಾಳಿ ಮಾಡುವಂತಿಲ್ಲ. ಗಾಯಗೊಂಡ ಯೋಧ ಮಂಚದ ಮೇಲೆ ಮಲಗಿರುವುದಾಗಲಿ, ಅವನಿಂದ ಕಿತ್ತಿಟ್ಟ ಬಂದೂಕು ಮೂಲೆಯಲ್ಲಿರುವುದಾಗಲಿ ದುರ್ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾಲ್ಕನೇ ಜಿನೀವಾ ಒಪ್ಪಂದದ 19ನೇ ವಿಧಿ ಬಿಡಿಸಿ ಹೇಳಿದೆ. 'ಅಲ್ಲಿ ಉಗ್ರರಿದ್ದರು' ಎಂಬ ಹೇಳಿಕೆ ಅಷ್ಟರಿಂದಲೇ ಏನನ್ನೂ ಸಮರ್ಥಿಸುವುದಿಲ್ಲ. ಆಸ್ಪತ್ರೆಯಲ್ಲಿ ಗಾಯಾಳುಗಳಿರುತ್ತಾರೆ, ಅಂತರ್ಯುದ್ಧದಲ್ಲಿ ಅವರಲ್ಲಿ ಕೆಲವರು ಹೋರಾಡಿದವರೇ ಆಗಿರುತ್ತಾರೆ.

ಹಾಗೆಂದು ಸಶಸ್ತ್ರ ಗುಂಪುಗಳು ಆಸ್ಪತ್ರೆಯನ್ನು ಕವಚ ಮಾಡಿಕೊಳ್ಳುವುದು ಕಟ್ಟುಕತೆಯಲ್ಲ. ಆರ್‌ಎಸ್‌ಎಫ್ ಯುದ್ಧದ ಮೊದಲ ವಾರಗಳಲ್ಲೇ ಖಾರ್ಟೂಮಿನ ಹಲವು ಆಸ್ಪತ್ರೆಗಳನ್ನು ಆಕ್ರಮಿಸಿಕೊಂಡಿತು. ಅಂಥದ್ದೊಂದಾದ ಪೂರ್ವ ನೈಲ್ ಆಸ್ಪತ್ರೆಗೆ 2023ರ ಮೇ ತಿಂಗಳಲ್ಲಿ ವಾಯುದಾಳಿಯ ಪೆಟ್ಟು ಬಿತ್ತು. ಒಳಗೆ ಬಂದೂಕಿನೊಂದಿಗೆ ಕುಳಿತವರೂ ಮೇಲಿನಿಂದ ಬಾಂಬು ಹಾಕಿದವರೂ ಒಂದೇ ಕಟ್ಟಡವನ್ನು ಒಟ್ಟಿಗೆ ಕೊಂದರು. ರೋಗಿಗೆ ಯಾರ ತಪ್ಪು ಮೊದಲಿನದು ಎಂಬುದರಿಂದ ಏನೂ ಆಗಬೇಕಾಗಿಲ್ಲ.

ಇನ್ನೊಂದು ಪರಿಹಾರವನ್ನು ಜಗತ್ತು ಬಹಳ ಭರವಸೆಯಿಂದ ಹಿಡಿದುಕೊಂಡಿತ್ತು: ಆಸ್ಪತ್ರೆಗಳ ಅಕ್ಷಾಂಶ, ರೇಖಾಂಶಗಳನ್ನು ಕಾದಾಡುವವರಿಗೆ ಮೊದಲೇ ತಿಳಿಸಿಬಿಡುವುದು. ತಿಳಿಯದೆ ಹೊಡೆದೆವು ಎನ್ನಲು ಆಗ ಅವಕಾಶವಿರುವುದಿಲ್ಲ ಎಂಬುದು ತರ್ಕ. ಶ್ರೀಲಂಕಾದ ಅಂತರ್ಯುದ್ಧದ ಕೊನೆಯ ತಿಂಗಳುಗಳಲ್ಲಿ ಇದು ಪರೀಕ್ಷೆಗೆ ಒಳಗಾಯಿತು. 2009ರ ಫೆಬ್ರವರಿ ಮೊದಲ ವಾರದಲ್ಲಿ ಪುದುಕ್ಕುಡಿಯಿರುಪ್ಪು ಆಸ್ಪತ್ರೆಗೆ ಮತ್ತೆ ಮತ್ತೆ ಶೆಲ್ ಬಿದ್ದವು. ಅದು ಎಲ್ಲಿದೆ ಎಂಬುದು ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು. ಕಾಳಗ ನಡೆದ ಉತ್ತರದ ವನ್ನಿ ಪ್ರದೇಶದ ಎಲ್ಲ ಆಸ್ಪತ್ರೆಗಳೂ ಮಾರ್ಟರ್, ಫಿರಂಗಿ ದಾಳಿಗೆ ತುತ್ತಾದವು, ಸ್ಥಳ ಗೊತ್ತಿದ್ದೂ ಕೆಲವಕ್ಕೆ ಪದೇ ಪದೇ ಪೆಟ್ಟು ಬಿತ್ತು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಎಲ್‌ಟಿಟಿಇ ಜನರ ನಡುವಿನಿಂದ, ಆಸ್ಪತ್ರೆಗಳಂಥ ಕಟ್ಟಡಗಳ ಬಳಿಯಿಂದ ಗುಂಡು ಹಾರಿಸಿತು ಎಂಬುದನ್ನೂ ಅದೇ ವರದಿ ದಾಖಲಿಸಿತು. ಆ ವಲಯದೊಳಗೆ ಉಳಿದು ಕೆಲಸ ಮಾಡಿದ ಸರ್ಕಾರಿ ವೈದ್ಯರು, ಸಾವುನೋವಿನ ಸುದ್ದಿಯನ್ನು ಹೊರಗೆ ತಲುಪಿಸಿದ್ದಕ್ಕಾಗಿ ಯುದ್ಧ ಮುಗಿದ ಮೇಲೆ ಬಂಧನಕ್ಕೊಳಗಾದರು. ಜುಲೈನಲ್ಲಿ ಅವರನ್ನು ಪತ್ರಿಕಾಗೋಷ್ಠಿಯಲ್ಲಿ ಕೂರಿಸಲಾಯಿತು, ತಾವು ಹಿಂದೆ ಕೊಟ್ಟ ಸಂಖ್ಯೆಗಳು ಉತ್ಪ್ರೇಕ್ಷೆ ಎಂದು ಅವರು ಹೇಳಿದರು. ಬಂಧನದಲ್ಲಿರುವ ವೈದ್ಯರ ಬಾಯಿಂದ ಬಂದ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ಓದುಗರೇ ನಿರ್ಧರಿಸಲಿ.

ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್ ತನ್ನ ಆಸ್ಪತ್ರೆಯ ನೆಲೆಯನ್ನು ದಾಳಿಗೆ ಕೆಲವೇ ದಿನ ಮೊದಲು ಮತ್ತೊಮ್ಮೆ ತಿಳಿಸಿತ್ತು. 2015ರ ಅಕ್ಟೋಬರ್ 3ರ ನಸುಕಿನಲ್ಲಿ ಅಮೆರಿಕದ ಯುದ್ಧವಿಮಾನ ಅದನ್ನು ಹೊಡೆದು 42 ಜನರನ್ನು ಕೊಂದಿತು. ಅಮೆರಿಕ ಅದನ್ನು ಪ್ರಮಾದ ಎಂದಿತು, 16 ಮಂದಿಯ ಮೇಲೆ ಶಿಸ್ತುಕ್ರಮ ಜರುಗಿಸಿತು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ.

ಇದ್ಲಿಬ್‌ನಲ್ಲಂತೂ ಈ ಪದ್ಧತಿಯ ನಂಬಿಕೆಯೇ ಕುಸಿಯಿತು. ವಿಶ್ವಸಂಸ್ಥೆಯ ಮೂಲಕ ಆಸ್ಪತ್ರೆಗಳ ಪಟ್ಟಿ ಸಿರಿಯಾ ಸರ್ಕಾರದ ಪರ ಕಾದಾಡುತ್ತಿದ್ದ ರಷ್ಯಾಕ್ಕೆ ತಲುಪುತ್ತಿತ್ತು. 2019ರ ಮೇ 5 ಮತ್ತು 6ರ ನಡುವಿನ 12 ಗಂಟೆಗಳಲ್ಲಿ ರಷ್ಯಾದ ವಿಮಾನಗಳು ನಾಲ್ಕು ಆಸ್ಪತ್ರೆಗಳ ಮೇಲೆ ಬಾಂಬು ಹಾಕಿದವು ಎಂಬುದನ್ನು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಪೈಲಟ್‌ಗಳ ರೇಡಿಯೊ ಸಂಭಾಷಣೆ, ವಿಮಾನ ವೀಕ್ಷಕರ ದಾಖಲೆಗಳ ನೆರವಿನಿಂದ ತೋರಿಸಿತು. ರಷ್ಯಾ ಒಪ್ಪಲಿಲ್ಲ. ಪಟ್ಟಿಗೆ ಹೆಸರು ಕೊಡುವುದೇ ಅಪಾಯ ಎಂದು ಅಲ್ಲಿನ ವೈದ್ಯರು ಹೇಳತೊಡಗಿದರು. ವಿಶ್ವಸಂಸ್ಥೆ ವಿಚಾರಣಾ ಮಂಡಳಿ ನೇಮಿಸಿತು. 2020ರ ಏಪ್ರಿಲ್‌ನಲ್ಲಿ ಹೊರಬಂದ ಸಾರಾಂಶ, ಕೆಲವು ದಾಳಿಗಳನ್ನು ಸಿರಿಯಾ ಸರ್ಕಾರ 'ಮತ್ತು ಅಥವಾ ಅದರ ಮಿತ್ರರು' ನಡೆಸಿರುವ ಸಾಧ್ಯತೆ ಬಹಳ ಹೆಚ್ಚು ಎಂದಿತು. ರಷ್ಯಾದ ಹೆಸರು ಅದರಲ್ಲಿ ಇರಲಿಲ್ಲ. ಆಸ್ಪತ್ರೆಗಳ ವಿಳಾಸವನ್ನು ಕೊಡುವಾಗ ಇದ್ದ ನಿಖರತೆ, ಅಪರಾಧಿಯ ಹೆಸರನ್ನು ಹೇಳುವಾಗ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಹೆಸರು ಹೇಳದಿರುವುದು ಆ ಒಂದು ಮಂಡಳಿಯ ದೌರ್ಬಲ್ಯವಷ್ಟೇ ಆಗಿರಲಿಲ್ಲ, ಅದೊಂದು ವ್ಯವಸ್ಥೆ. ಆರೋಗ್ಯ ಸೇವೆಯ ಮೇಲಿನ ದಾಳಿಗಳನ್ನು ದಾಖಲಿಸುವ ವಿಶ್ವ ಆರೋಗ್ಯ ಸಂಸ್ಥೆಯ ವ್ಯವಸ್ಥೆಯಲ್ಲಿ ದಾಳಿ ಎಲ್ಲಿ, ಯಾವಾಗ, ಎಂಥ ಆಯುಧದಿಂದ ಎಂಬ ಮಾಹಿತಿ ಇರುತ್ತದೆ, ಮಾಡಿದವರು ಯಾರೆಂದು ಇರುವುದಿಲ್ಲ. ಹೆಸರು ಹೇಳಿದರೆ ಆ ದೇಶದಲ್ಲಿ ಲಸಿಕೆ ಹಾಕಲು, ಔಷಧ ಸಾಗಿಸಲು ಅನುಮತಿ ಸಿಗದೇ ಹೋಗಬಹುದು ಎಂಬ ಭಯ ಸಕಾರಣವೇ. ಆದರೆ ಕೃತ್ಯವನ್ನು ಮಾತ್ರ ಎಣಿಸಿ ಕರ್ತೃವನ್ನು ಬಿಟ್ಟಾಗ ದಾಳಿಗಳು ಚಂಡಮಾರುತ, ಭೂಕಂಪಗಳ ಸಾಲಿಗೆ ಸೇರಿಬಿಡುತ್ತವೆ. ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವೊಂದು 2024ರಲ್ಲಿ ಜಗತ್ತಿನಾದ್ಯಂತ ಆರೋಗ್ಯ ಸೇವೆಯ ಮೇಲೆ 3,600ಕ್ಕೂ ಹೆಚ್ಚು ದಾಳಿ, ಅಡ್ಡಿಗಳನ್ನು ಲೆಕ್ಕ ಹಾಕಿತು. ಅದು ಹಿಂದಿನ ವರ್ಷಕ್ಕಿಂತ ಶೇ 15ರಷ್ಟು ಹೆಚ್ಚು.

ಈ ಎಣಿಕೆಯಲ್ಲೂ ಸೇರದ ಸಾವುಗಳಿವೆ. ಡಯಾಲಿಸಿಸ್ ಯಂತ್ರ ನಿಂತ ಮೇಲೆ ಮನೆಯಲ್ಲಿ ಸತ್ತವರು, ಇನ್ಸುಲಿನ್ ಸಿಗದವರು, ರಕ್ತಸ್ರಾವ ನಿಲ್ಲದ ಬಾಣಂತಿಯರು. ಸಿರಿಯಾದಲ್ಲಿ 1999ರಿಂದ ಕಾಣದಿದ್ದ ಪೋಲಿಯೊ 2013ರಲ್ಲಿ ದೇರ್ ಎಝ್ಝೋರ್‌ನಲ್ಲಿ ಮರಳಿತು. ಸುಡಾನಿನಲ್ಲಿ 2024ರಿಂದ ಹರಡಿದ ಕಾಲರಾ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಟ್ಟಿತು. ಉಪ್ಪು, ಸಕ್ಕರೆ, ನೀರು ಮತ್ತು ಸಲೈನ್‌ನಿಂದ ಗುಣವಾಗುವ ಕಾಯಿಲೆ ಅದು. ಯಾವ ಸೇನಾಧಿಕಾರಿಯ ಮೇಲೂ ಈ ಸಾವುಗಳ ಆರೋಪ ಬರುವುದಿಲ್ಲ.

ಭದ್ರತಾ ಮಂಡಳಿ ಒಮ್ಮೆ ಒಮ್ಮತದಿಂದ ಮಾತಾಡಿತ್ತು. 2016ರ ಏಪ್ರಿಲ್ 27ರಂದು ಅಲೆಪ್ಪೊದ ಅಲ್ ಕುದ್ಸ್ ಆಸ್ಪತ್ರೆಯ ಮೇಲಿನ ವಾಯುದಾಳಿಯಲ್ಲಿ ಮಕ್ಕಳ ವೈದ್ಯ ಮುಹಮ್ಮದ್ ವಸೀಂ ಮಾಝ್ ಸೇರಿ ಹಲವರು ಸತ್ತ ಕೆಲವೇ ದಿನಗಳಲ್ಲಿ, ಮೇ 3ರಂದು, 2286ನೇ ನಿರ್ಣಯ ಅಂಗೀಕಾರವಾಯಿತು. ವೈದ್ಯಕೀಯ ಸೇವೆಯ ಮೇಲಿನ ದಾಳಿಯನ್ನು ಖಂಡಿಸಿ, ತಪ್ಪಿತಸ್ಥರನ್ನು ಶಿಕ್ಷಿಸಬೇಕೆಂದು ಅದು ಹೇಳಿತು. ಅದೇ ಸಭೆಯಲ್ಲಿ ಎಂಎಸ್‌ಎಫ್ ಅಧ್ಯಕ್ಷೆ ಜೋಆನ್ ಲಿಯು, ಈ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ನಾಲ್ವರು ಕಳೆದೊಂದು ವರ್ಷದಲ್ಲಿ ಆಸ್ಪತ್ರೆಗಳ ಮೇಲೆ ದಾಳಿ ಮಾಡಿದ ಮೈತ್ರಿಕೂಟಗಳ ಜೊತೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದ್ದವರು ಎಂದು ಅವರೆದುರೇ ಹೇಳಿದರು. ನಿರ್ಣಯದ ಬಳಿಕದ ಅದೇ ವರ್ಷ ಪೂರ್ವ ಅಲೆಪ್ಪೊದ ಆಸ್ಪತ್ರೆಗಳು ಒಂದೊಂದಾಗಿ ನಾಶವಾದವು.

ನ್ಯಾಯಾಲಯದ ದಾರಿ ಮುಚ್ಚಿದೆ ಎನ್ನಲಾಗದು, ಆದರೆ ಅದು ವಿಚಿತ್ರವಾಗಿ ತುಂಡರಿಸಿದೆ. ಸಿರಿಯಾವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸುವ ಪ್ರಸ್ತಾವವನ್ನು 2014ರ ಮೇ ತಿಂಗಳಲ್ಲಿ ರಷ್ಯಾ, ಚೀನಾ ವಿಟೊ ಬಳಸಿ ತಡೆದವು. ಸುಡಾನ್ ಕೂಡ ಆ ನ್ಯಾಯಾಲಯದ ಸದಸ್ಯ ದೇಶವಲ್ಲ. ಆದರೆ ದಾರ್ಫುರ್ ವಿಷಯವನ್ನು ಭದ್ರತಾ ಮಂಡಳಿ 2005ರಲ್ಲೇ ನ್ಯಾಯಾಲಯಕ್ಕೆ ಒಪ್ಪಿಸಿತ್ತು, ಆ ಅಧಿಕಾರ ಇನ್ನೂ ಜೀವಂತವಾಗಿದೆ. ದಾರ್ಫುರ್‌ನ ಹಳೆಯ ಹತ್ಯೆಗಳಿಗಾಗಿ ಜಂಜವೀದ್ ಎಂಬ ಸರ್ಕಾರಪರ ಸಶಸ್ತ್ರ ಪಡೆಗಳ ನಾಯಕ ಅಲಿ ಕುಶೈಬ್ ತಪ್ಪಿತಸ್ಥನೆಂದು 2025ರ ಅಕ್ಟೋಬರ್ 6ರಂದು ತೀರ್ಪು ಬಂತು, ಡಿಸೆಂಬರಿನಲ್ಲಿ 20 ವರ್ಷಗಳ ಶಿಕ್ಷೆಯಾಯಿತು. ದಾರ್ಫುರ್ ಪ್ರಕರಣದಲ್ಲಿ ಅದು ಮೊದಲ ಶಿಕ್ಷೆ. ಆರ್‌ಎಸ್‌ಎಫ್‌ನ ಮೂಲ ಇರುವುದು ಆ ಜಂಜವೀದ್ ಪಡೆಗಳಲ್ಲೇ. ತೀರ್ಪು ಬಂದು ಮೂರು ವಾರ ಕಳೆಯುವುದರೊಳಗೆ ಎಲ್ ಫಾಶರ್ ಬಿತ್ತು. ಅಲ್ಲಿನ ಸಾಕ್ಷ್ಯಗಳನ್ನು ಕಾಪಿಡುವ ಕೆಲಸ ಆರಂಭಿಸಿರುವುದಾಗಿ ನ್ಯಾಯಾಲಯದ ಪ್ರಾಸಿಕ್ಯೂಟರ್ ಕಚೇರಿ ನವೆಂಬರಿನಲ್ಲಿ ತಿಳಿಸಿತು.

ಸೌದಿ ಆಸ್ಪತ್ರೆಯಲ್ಲಿ ಸತ್ತವರಿಗೆ ಒಂದು ದಿನ ವಿಚಾರಣೆ ಸಿಗಬಹುದು, ಏಕೆಂದರೆ ಅದು ದಾರ್ಫುರ್‌ನಲ್ಲಿದೆ. ಪಕ್ಕದ ಪಶ್ಚಿಮ ಕೊರ್ಡೊಫಾನ್‌ನ ಅಲ್ ಮುಜ್ಲದ್ ಆಸ್ಪತ್ರೆಯ ಮೇಲೆ 2025ರ ಜೂನ್ 21ರಂದು ನಡೆದ ದಾಳಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಆರೋಪ ಸೇನೆಯ ಮೇಲಿದೆ. ಆ ಊರು ದಾರ್ಫುರ್ ಗಡಿಯ ಆಚೆಗಿರುವುದರಿಂದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅದನ್ನು ಮುಟ್ಟುವಂತಿಲ್ಲ. ಖಾರ್ಟೂಮಿನ ಆಸ್ಪತ್ರೆಗಳನ್ನೂ ಮುಟ್ಟುವಂತಿಲ್ಲ. ದಾರ್ಫುರ್‌ಗೆ ಸೀಮಿತವಾದ ಆ ಅಧಿಕಾರವನ್ನು ಇಡೀ ಸುಡಾನಿಗೆ ವಿಸ್ತರಿಸಲು ಹೊಸ ಕಾನೂನು ಬೇಕಾಗಿಲ್ಲ, ಹೊಸ ನ್ಯಾಯಾಲಯವೂ ಬೇಕಾಗಿಲ್ಲ, ಭದ್ರತಾ ಮಂಡಳಿಯ ಒಂದು ಮತದಾನ ಸಾಕು. ಸುಡಾನಿನಲ್ಲಿ ನಾಗರಿಕರ ರಕ್ಷಣೆ, ಕದನವಿರಾಮ ಕೋರಿದ ನಿರ್ಣಯಕ್ಕೇ 2024ರ ನವೆಂಬರ್ 18ರಂದು ರಷ್ಯಾ ವಿಟೊ ಹಾಕಿತು. ಹದಿನೈದು ಸದಸ್ಯರಲ್ಲಿ ಉಳಿದ ಹದಿನಾಲ್ವರೂ ಅದರ ಪರವಾಗಿದ್ದರು.